ಜುಬೈಲ್‌ನಲ್ಲೇ ಇರಲೇ, ರಿಯಾದ್‌ಗೆ ಹೋಗಲೇ, ಊರಿಗೆ ಬರಲೇ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವನು, ವಯಸ್ಸು 41. ಸೌದಿಯ ಜುಬೈಲ್‌ನಲ್ಲಿ ಪೆಟ್ರೋಕೆಮಿಕಲ್ ಪ್ಲಾಂಟ್‌ಗಳ ಮೇಂಟೆನೆನ್ಸ್ ಮಾಡುವ ಕಾಂಟ್ರ್ಯಾಕ್ಟ್ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಸೇರಿ 9 ವರ್ಷ 3 ತಿಂಗಳಾಯಿತು. ಬೇಸಿಕ್ 5,000 ರಿಯಾಲ್, ಎಲ್ಲ ಸೇರಿ 8,000. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿದ್ದಾರೆ. ದೊಡ್ಡವನು 8ನೇ ಕ್ಲಾಸ್. ತೈಲದ ಮೇಲಿನ ಅವಲಂಬನೆ ತಗ್ಗಿಸುವ ಸೌದಿ ಸರ್ಕಾರದ ಯೋಜನೆ ‘ವಿಷನ್ 2030’ ಬಗ್ಗೆ ರೂಮಿನಲ್ಲಿ, ವಾಟ್ಸಾಪ್‌ನಲ್ಲಿ ದಿನಕ್ಕೊಂದು ಮಾತು. ತೈಲ ಮುಗಿಯುತ್ತಿದೆ, ಅದಕ್ಕೇ ಇದೆಲ್ಲ ಎನ್ನುತ್ತಾರೆ. 2030ರೊಳಗೆ ಹೊರಗಿನವರನ್ನೆಲ್ಲ ಕಳಿಸುತ್ತಾರೆ ಎನ್ನುತ್ತಾರೆ. ಹೊಸದಾಗಿ ಕಟ್ಟುತ್ತಿರುವ ನಗರ ನಿಯೋಮ್ ನಿಂತಿತು, ಯೋಜನೆಯೇ ಮುಗಿಯಿತು ಎನ್ನುವವರೂ ಇದ್ದಾರೆ. ರಿಯಾದ್‌ನ ಒಂದು ಪ್ರಾಜೆಕ್ಟ್ ಕಂಪನಿ 10,000 ರಿಯಾಲ್ ಕೊಡುತ್ತೇನೆ, ತಕ್ಷಣ ಬಾ ಎನ್ನುತ್ತಿದೆ. ನನ್ನ ಭಾವ ಇಲ್ಲಿ ಸೌದಿಯವರೊಬ್ಬರ ಹೆಸರಿನಲ್ಲಿ ಬೂಫಿಯಾ (ಚಹಾ-ತಿಂಡಿ ಅಂಗಡಿ) ನಡೆಸುತ್ತಾರೆ, ಪಾಲು ಹಾಕು ಎನ್ನುತ್ತಾರೆ. ಮಾವನವರು ಊರಿಗೆ ಬಾ ಎನ್ನುತ್ತಾರೆ. ಕಂಪನಿ ಎರಡು ವರ್ಷದಿಂದ ಲೆವಿ (ವಿದೇಶಿಯರ ಮೇಲೆ ಸರ್ಕಾರ ಹಾಕುವ ಶುಲ್ಕ) ಹೆಸರಿನಲ್ಲಿ ತಿಂಗಳಿಗೆ 200 ರಿಯಾಲ್ ಹಿಡಿಯುತ್ತಿದೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಸೌದಿ ಏನಾಗುತ್ತದೆ ಎಂಬುದು ಒಂದು, ನಿಮ್ಮ ಕೆಲಸ ಏನಾಗುತ್ತದೆ ಎಂಬುದು ಇನ್ನೊಂದು. ದೇಶ ಚೆನ್ನಾಗಿ ನಡೆಯುತ್ತಿರುವಾಗಲೇ ಕಂಪನಿಯೊಂದು ಆರು ತಿಂಗಳ ಸಂಬಳ ಬಾಕಿ ಇಟ್ಟು ಬಾಗಿಲು ಹಾಕಬಹುದು. ದೇಶದ ಬಜೆಟ್ ಕೊರತೆಯಲ್ಲಿರುವಾಗಲೂ ಇನ್ನೊಂದು ಕಂಪನಿ ತಿಂಗಳು ತಪ್ಪದೆ ಸಂಬಳ ಕೊಡಬಹುದು. ಹಾಗಾಗಿ ಸೌದಿಯ ಭವಿಷ್ಯದ ಚರ್ಚೆಯಲ್ಲಿ ಎಷ್ಟು ಭಾಗ ನಿಮ್ಮ ಲೆಕ್ಕಕ್ಕೆ ಬೇಕೋ ಅಷ್ಟನ್ನು ಮಾತ್ರ ಮೊದಲು ಬಿಡಿಸಿಕೊಳ್ಳೋಣ.

ತೈಲ ಮುಗಿಯುತ್ತಿಲ್ಲ. ಸೌದಿಯ ಘೋಷಿತ ನಿಕ್ಷೇಪ ಸುಮಾರು 26,000 ಕೋಟಿ ಬ್ಯಾರೆಲ್. ದಿನಕ್ಕೆ ಒಂದು ಕೋಟಿ ಬ್ಯಾರೆಲ್ ಎತ್ತಿದರೂ ಎಪ್ಪತ್ತು ವರ್ಷದ ಮಾತು. ಎತ್ತುವ ಖರ್ಚೂ ಜಗತ್ತಿನಲ್ಲೇ ಅತಿ ಕಡಿಮೆ: ಸರ್ಕಾರಿ ತೈಲ ಕಂಪನಿ ಅರಾಮ್ಕೊ 2019ರಲ್ಲಿ ಷೇರು ಮಾರುವಾಗ ತೋರಿಸಿದ ಲೆಕ್ಕದಲ್ಲಿ ಬ್ಯಾರೆಲ್‌ಗೆ ಮೂರು ಡಾಲರ್‌ಗೂ ಕಡಿಮೆ. ಅವರ ಕಷ್ಟ ಬಾವಿಯದ್ದಲ್ಲ, ಬೆಲೆಯದ್ದು. 2014ರಲ್ಲಿ ಸರ್ಕಾರದ ಆದಾಯದ ನೂರರಲ್ಲಿ 87 ರಿಯಾಲ್ ತೈಲದಿಂದಲೇ ಬರುತ್ತಿತ್ತು. ಆ ವರ್ಷದ ಮಧ್ಯದಲ್ಲಿ ನೂರು ಡಾಲರ್ ದಾಟಿದ್ದ ಬ್ಯಾರೆಲ್ 2016ರ ಜನವರಿಗೆ ಮೂವತ್ತರ ಕೆಳಗೆ ಬಿತ್ತು. 2015ರ ಬಜೆಟ್ ಕೊರತೆ 36,000 ಕೋಟಿ ರಿಯಾಲ್ ಮೀರಿತು. ರಿಯಾಲ್ 1986ರಿಂದ ಡಾಲರ್‌ಗೆ 3.75ರಂತೆ ಕಟ್ಟಿಹಾಕಿಕೊಂಡಿರುವುದರಿಂದ ನಾಣ್ಯದ ಬೆಲೆ ಇಳಿಸಿ ನುಣುಚಿಕೊಳ್ಳುವ ದಾರಿಯೂ ಇರಲಿಲ್ಲ. ಕೂಡಿಟ್ಟ ವಿದೇಶಿ ವಿನಿಮಯವನ್ನೇ ಕರಗಿಸಬೇಕಾಯಿತು. ಇದರ ಜೊತೆಗೆ ಮೂವತ್ತರೊಳಗಿನವರೇ ಹೆಚ್ಚಿರುವ ಜನಸಂಖ್ಯೆ, ಅವರಿಗೆಲ್ಲ ಸರ್ಕಾರಿ ಕೆಲಸ ಕೊಡುವಷ್ಟು ಕುರ್ಚಿಗಳಿಲ್ಲ. 2016ರ ಏಪ್ರಿಲ್ 25ರಂದು ಮೊಹಮ್ಮದ್ ಬಿನ್ ಸಲ್ಮಾನ್ ವಿಷನ್ 2030 ಘೋಷಿಸಿದ್ದು ಈ ಇಕ್ಕಟ್ಟಿನ ನಡುವೆ. ಆಗ ಅವರಿನ್ನೂ ಉಪ ಯುವರಾಜ.

ತೈಲ ಬಿಟ್ಟು ಬೇರೆ ಆದಾಯ ಹುಡುಕಬೇಕೆಂಬುದು ಹೊಸ ಮಾತೂ ಅಲ್ಲ. 1970ರ ಮೊದಲ ಪಂಚವಾರ್ಷಿಕ ಯೋಜನೆಯಲ್ಲೇ ಅದಿತ್ತು. ನೀವು ಕೆಲಸ ಮಾಡುವ ಜುಬೈಲ್ ಕೈಗಾರಿಕಾ ನಗರವೇ ಆ ಮಾತಿನ ಫಲ: ಜುಬೈಲ್ ಮತ್ತು ಯಾನ್ಬು ರಾಯಲ್ ಕಮಿಷನ್ ಆದದ್ದು 1975ರಲ್ಲಿ, ಪೆಟ್ರೋಕೆಮಿಕಲ್ ಕಂಪನಿ ಸಾಬಿಕ್ 1976ರಲ್ಲಿ. ಅಲ್ಲಿಯವರೆಗೆ ಸುಟ್ಟು ಹಾಕುತ್ತಿದ್ದ ಗ್ಯಾಸನ್ನು ಪ್ಲಾಸ್ಟಿಕ್, ಗೊಬ್ಬರ ಮಾಡಿ ಮಾರುವ ಏರ್ಪಾಡು ಅದು. ಪ್ರತಿ ಸಲ ತೈಲದ ಬೆಲೆ ಏರಿದಾಗ ಆ ಉತ್ಸಾಹ ತಣ್ಣಗಾಗುತ್ತಿತ್ತು. ಈ ಬಾರಿ ಬೆಲೆ ಏರಿದಾಗಲೂ ಕೈಬಿಟ್ಟಿಲ್ಲ ಎಂಬುದಷ್ಟೇ ನಿಜವಾದ ವ್ಯತ್ಯಾಸ.

ಫಲಿತಾಂಶ ಅರೆಬೆರೆ. ತೈಲೇತರ ಸರ್ಕಾರಿ ಆದಾಯ ಯೋಜನೆ ಶುರುವಾಗುವಾಗ 16,000 ಕೋಟಿ ರಿಯಾಲ್ ಆಸುಪಾಸಿನಲ್ಲಿತ್ತು, 2024ಕ್ಕೆ 50,000 ಕೋಟಿ ದಾಟಿತು. 2030ಕ್ಕೆ ಒಂದು ಲಕ್ಷ ಕೋಟಿ ಎಂಬುದು ಗುರಿ. ಆದಾಯದಲ್ಲಿ ತೈಲದ ಪಾಲು ನೂರಕ್ಕೆ 60ರಷ್ಟಕ್ಕೆ ಇಳಿದಿದೆ. ಆದರೆ ಈ ಏರಿಕೆಯ ದೊಡ್ಡ ಪಾಲು ಹೊಸ ಕಾರ್ಖಾನೆಗಳಿಂದ ಬಂದದ್ದಲ್ಲ, ನಿಮ್ಮ ಜೇಬಿನಿಂದಲೇ ಬಂದದ್ದು. 2018ರಲ್ಲಿ ಶೇ 5 ವ್ಯಾಟ್, 2020ರ ಜುಲೈನಿಂದ ಶೇ 15. ಲೀಟರ್‌ಗೆ 45 ಹಲಾಲ (ರಿಯಾಲ್‌ನ ನೂರನೇ ಒಂದು ಭಾಗ) ಇದ್ದ 91 ಪೆಟ್ರೋಲ್ ಈಗ 2.18 ರಿಯಾಲ್. ಮೇಲೆ ಲೆವಿ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ದೇಶದ ಉತ್ಪನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ತೈಲೇತರ ಎಂದು ಅಂಕಿಅಂಶ ಹೇಳುತ್ತದೆ, ಸುಳ್ಳಲ್ಲ. ಆದರೆ ಆ ‘ತೈಲೇತರ’ದೊಳಗೆ ಗ್ಯಾಸ್ ಮೇಲೆ ನಿಂತಿರುವ ಪೆಟ್ರೋಕೆಮಿಕಲ್ ಇದೆ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಟ್ಟಡ ಕೆಲಸ ಇದೆ, ಆ ಕೆಲಸಗಾರರಿಗೆ ಊಟ ಹಾಕುವ ಕ್ಯಾಟರಿಂಗ್ ಇದೆ. ದೊಡ್ಡ ಪ್ರಾಜೆಕ್ಟ್‌ಗಳಿಗೆ ಹಣ ಹಾಕುವ ಸಾರ್ವಜನಿಕ ಹೂಡಿಕೆ ನಿಧಿ, ಅಂದರೆ ಪಿಐಎಫ್, ಕೈಯಲ್ಲೂ ಅರಾಮ್ಕೊದ ಶೇ 16ರಷ್ಟು ಷೇರು ಇದೆ. ಅರಾಮ್ಕೊ ಲಾಭಾಂಶ ಇಳಿಸಿದರೆ ನಿಧಿಗೂ ಕೊರತೆ. 2025ರಲ್ಲಿ ಅದೇ ಆಯಿತು. ತೈಲದಿಂದ ಬಿಡಿಸಿಕೊಳ್ಳುವ ಖರ್ಚನ್ನೂ ತೈಲವೇ ಕೊಡುತ್ತಿದೆ.

ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಕಂಪನಿಯ ಬಿಲ್ಲನ್ನು ಪಾಸು ಮಾಡುವವರು ಯಾರು, ಅವರಿಗೆ ಹಣ ಬರುವುದು ಎಲ್ಲಿಂದ? ತೈಲದ ಬೆಲೆ ಬಿದ್ದಾಗ ಸರ್ಕಾರ ಮೊದಲು ನಿಲ್ಲಿಸುವುದು ತನ್ನ ನೌಕರರ ಸಂಬಳವನ್ನಲ್ಲ. ಹೊಸ ಟೆಂಡರ್ ನಿಲ್ಲುತ್ತದೆ. ಆಮೇಲೆ ನಡೆಯುತ್ತಿರುವ ಕಾಮಗಾರಿಯ ಬಿಲ್ಲು ನಿಧಾನವಾಗುತ್ತದೆ. ಮುಖ್ಯ ಗುತ್ತಿಗೆದಾರ ಉಪಗುತ್ತಿಗೆದಾರನಿಗೆ ಬರಿಗೈ ತೋರಿಸುತ್ತಾನೆ, ಉಪಗುತ್ತಿಗೆದಾರ ಕ್ಯಾಂಪಿನಲ್ಲಿರುವವರ ಸಂಬಳ ತಡೆಯುತ್ತಾನೆ, ಇಕಾಮಾ (ವಾಸದ ಪರವಾನಗಿ) ನವೀಕರಣ ಮುಂದೂಡುತ್ತಾನೆ. 2016ರಲ್ಲಿ ಜಿದ್ದಾ ಕಡೆ ಸಾವಿರಾರು ಭಾರತೀಯರು ಸಂಬಳವೂ ಇಲ್ಲದೆ ದೇಶ ಬಿಡುವ ಅನುಮತಿಯಾದ ಎಕ್ಸಿಟ್ಟೂ ಇಲ್ಲದೆ ಕ್ಯಾಂಪುಗಳಲ್ಲಿ ಸಿಕ್ಕಿಹಾಕಿಕೊಂಡು, ಊಟಕ್ಕೆ ದೂತಾವಾಸದವರು ಓಡಾಡಬೇಕಾಗಿ ಬಂದದ್ದು ಇದೇ ಸರಪಳಿಯಿಂದ. ಸರಪಳಿಯಲ್ಲಿ ನೀವು ಎಷ್ಟನೇ ಕೊಂಡಿ ಎಂಬುದರ ಮೇಲೆ ಅಪಾಯ ನಿಂತಿದೆ. ಮುಖ್ಯ ಗುತ್ತಿಗೆದಾರನ ನೌಕರನಿಗೂ ಮೂರನೇ ಹಂತದ ‘ಮ್ಯಾನ್‌ಪವರ್ ಸಪ್ಲೈ’ ಕಂಪನಿಯ ನೌಕರನಿಗೂ ಅಜಗಜಾಂತರ.

ನಿಯೋಮ್ ವಿಚಾರವನ್ನೂ ಹೀಗೇ ನೋಡಿ. 2017ರ ಅಕ್ಟೋಬರ್‌ನಲ್ಲಿ 50,000 ಕೋಟಿ ಡಾಲರ್ ಎಂದು ಸಾರಿದ ಪ್ರಾಜೆಕ್ಟ್ ಅದು. ಅದರೊಳಗಿನ 170 ಕಿಲೋಮೀಟರ್ ಉದ್ದದ ‘ದಿ ಲೈನ್’ ಹೇಳಿದ ವೇಗದಲ್ಲಿ ನಡೆದಿಲ್ಲ, ಬಹಳ ಕುಗ್ಗಿದೆ. ಕೆಲವು ಪ್ರಾಜೆಕ್ಟ್‌ಗಳು 2030ರ ಆಚೆ ಹೋಗುತ್ತವೆಂದು ಹಣಕಾಸು ಸಚಿವರೇ 2023ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ನಿಯೋಮ್ ಎಂದರೆ ವಿಷನ್ ಅಲ್ಲ. ಹೆಂಗಸರು 2018ರ ಜೂನ್‌ನಿಂದ ಕಾರು ಓಡಿಸುತ್ತಿದ್ದಾರೆ, ಅದೇ ವರ್ಷ ಸಿನಿಮಾ ಮಂದಿರ ತೆರೆಯಿತು, 2024ರ ಕೊನೆಗೆ ರಿಯಾದ್ ಮೆಟ್ರೊ ಓಡಿತು. ದುಡಿಯುವ ಅಥವಾ ಕೆಲಸ ಹುಡುಕುವ ಸೌದಿ ಹೆಂಗಸರ ಪ್ರಮಾಣ ಶೇ 20ಕ್ಕಿಂತ ಕಡಿಮೆ ಇದ್ದದ್ದು ಶೇ 35ರ ಸುತ್ತ ಬಂದು ನಿಂತಿದೆ. 2030ಕ್ಕೆ ಇಟ್ಟಿದ್ದ ಗುರಿಯೇ ಶೇ 30. ನನ್ನ ಎಣಿಕೆಯಲ್ಲಿ ಇಡೀ ಯೋಜನೆಯಲ್ಲಿ ಹಿಂದಕ್ಕೆ ಹೋಗದಂಥ ಬದಲಾವಣೆ ಇದು. ನಮ್ಮವರ ಕೆಲಸದ ಮೇಲೆ ನೇರ ಪರಿಣಾಮ ಮಾಡಿದ್ದೂ ಇದೇ. ಅಂಗಡಿಯ ಕೌಂಟರ್, ರಿಸೆಪ್ಷನ್, ಆಫೀಸಿನ ಅಕೌಂಟ್ಸ್ ಮೇಜು: ಕರಾವಳಿಯ ಹುಡುಗರು ಕೂರುತ್ತಿದ್ದ ಕುರ್ಚಿಗಳಲ್ಲಿ ಈಗ ಸೌದಿ ಹುಡುಗಿಯರು ಕೂತಿದ್ದಾರೆ.

ಇಲ್ಲಿಂದ ಸೌದೀಕರಣಕ್ಕೆ, ಅಂದರೆ ಕೆಲಸಗಳಲ್ಲಿ ಸೌದಿಗಳಿಗೇ ಪಾಲು ಮೀಸಲಿಡುವ ನೀತಿಗೆ, ಬರೋಣ. ಹೊರಗಿನವರನ್ನೆಲ್ಲ ಕಳಿಸುತ್ತಾರೆ ಎಂಬುದು ಸುಳ್ಳು. 2022ರ ಜನಗಣತಿಯಲ್ಲಿ 3.22 ಕೋಟಿ ಜನರಲ್ಲಿ ಶೇ 41.6 ಮಂದಿ ಹೊರಗಿನವರು. 2017ರಿಂದ 2019ರ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ವಿದೇಶಿ ಕೆಲಸಗಾರರು ದೇಶ ಬಿಟ್ಟದ್ದು ಹೌದು. ಪ್ರಾಜೆಕ್ಟ್‌ಗಳು ಶುರುವಾದ ಮೇಲೆ ಸಂಖ್ಯೆ ಮತ್ತೆ ಏರಿದ್ದೂ ಹೌದು. ನಿತಾಖಾತ್ 2011ರಿಂದ ಇದೆ. ಎಷ್ಟು ಸೌದಿಗಳನ್ನು ಕೆಲಸಕ್ಕಿಟ್ಟುಕೊಂಡಿದೆ ಎಂದು ನೋಡಿ ಅದು ಕಂಪನಿಗೆ ಬಣ್ಣ ಕೊಡುತ್ತದೆ: ಪ್ಲಾಟಿನಂ, ಹಸಿರು, ಕೆಂಪು. ಕೆಂಪಿಗೆ ಬಿದ್ದ ಕಂಪನಿಗೆ ಹೊಸ ವೀಸಾ ಇಲ್ಲ, ವರ್ಕ್ ಪರ್ಮಿಟ್ ನವೀಕರಣವೂ ಇಲ್ಲ. ಅದರ ಮೇಲೆ ಹುದ್ದೆವಾರು ಪ್ರಮಾಣ. ಮೊಬೈಲ್ ಅಂಗಡಿಗೆ 2016ರಲ್ಲಿ ನೂರಕ್ಕೆ ನೂರು ಎಂದರು, ಅಲ್ಲಿ ನಮ್ಮವರ ಅಧ್ಯಾಯ ಮುಗಿಯಿತು. ಐದು ಅಥವಾ ಹೆಚ್ಚು ಎಂಜಿನಿಯರುಗಳಿರುವ ಕಂಪನಿಗಳಿಗೆ 2024ರ ಜುಲೈನಲ್ಲಿ ಇಟ್ಟದ್ದು ಶೇ 25. ಅಂದರೆ ಆಗ ನಾಲ್ವರಲ್ಲಿ ಮೂವರು ಹೊರಗಿನವರಿರಬಹುದಿತ್ತು. ಈ ಪ್ರಮಾಣ ಮೇಲಕ್ಕೇ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ. ನಿಮ್ಮಂಥವರಿಗೆ ಗೊತ್ತಿರಬೇಕಾದ ಇನ್ನೊಂದು ಲೆಕ್ಕ ಅರಾಮ್ಕೊದ ‘ಇಕ್ತ್ವಾ’: ಗುತ್ತಿಗೆದಾರ ಖರ್ಚಿನಲ್ಲಿ ಎಷ್ಟನ್ನು ದೇಶದೊಳಗೆ ಉಳಿಸುತ್ತಾನೆ, ಸೌದಿಗಳಿಗೆ ಎಷ್ಟು ಸಂಬಳ, ತರಬೇತಿ ಕೊಡುತ್ತಾನೆ ಎಂದು ಅಂಕ ಹಾಕುವ ಪದ್ಧತಿ. ಟೆಂಡರ್ ಗೆಲ್ಲಲು ಆ ಅಂಕ ಬೇಕು. ಹಾಗಾಗಿ ಸೌದಿ ಹುಡುಗರನ್ನು ಮೊದಲು ಕೂರಿಸುವುದು ಹೆಸರಿಗೆ ತೂಕ ಇರುವ ಸೂಪರ್‌ವೈಸರ್ ಹುದ್ದೆಗಳಲ್ಲಿ. ಕೈಯಿಂದ ಕೆಲಸ ಬಲ್ಲ, ರಿಲೇ ಸೆಟ್ಟಿಂಗ್ ಪರೀಕ್ಷಿಸಬಲ್ಲ, ಸ್ವಿಚ್‌ಗೇರ್ ಬಿಚ್ಚಿ ಜೋಡಿಸಬಲ್ಲವನನ್ನು ಕಳಿಸಲು ಯಾರಿಗೂ ಆತುರವಿಲ್ಲ. ಬರೀ ಪರ್ಮಿಟ್ ಸಹಿ ಹಾಕುವ, ಮ್ಯಾನ್‌ಪವರ್ ಶೀಟ್ ಬರೆಯುವ ಸೂಪರ್‌ವೈಸರ್ ಆಗಿದ್ದರೆ ಜಾಗ ಗಟ್ಟಿಯಿಲ್ಲ. 2025ರಿಂದ ವರ್ಕ್ ಪರ್ಮಿಟ್‌ಗಳನ್ನೂ ಸಂಬಳ, ವಿದ್ಯಾರ್ಹತೆ, ಅನುಭವ ನೋಡಿ ಮೂರು ದರ್ಜೆ ಮಾಡಿದ್ದಾರೆ. ನಿಮ್ಮ ಡಿಪ್ಲೊಮಾ ದೃಢೀಕರಣವಾಗಿದೆಯೇ, ಇಕಾಮಾದಲ್ಲಿರುವ ಹುದ್ದೆ ನೀವು ಮಾಡುವ ಕೆಲಸಕ್ಕೆ ಹೊಂದುತ್ತದೆಯೇ, ಇವೆರಡನ್ನೂ ಕಾರ್ಮಿಕ ಸಚಿವಾಲಯದ ಕಿವಾ ಆ್ಯಪ್‌ನಲ್ಲಿ ಈ ವಾರವೇ ನೋಡಿ.

ಭಾವನವರ ಬೂಫಿಯಾ ವಿಚಾರದಲ್ಲಿ ಎರಡು ಮಾತಿಲ್ಲ: ಬೇಡ. ಸೌದಿಯವನ ಹೆಸರಿನಲ್ಲಿ ಪರವಾನಗಿ, ತಿಂಗಳಿಗಿಷ್ಟು ಅವನಿಗೆ, ಉಳಿದದ್ದು ನಮಗೆ ಎಂಬ ಏರ್ಪಾಡಿಗೆ ‘ತಸತ್ತುರ್’ ಎನ್ನುತ್ತಾರೆ. 2020ರ ಕಾನೂನಿನಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ, ಮೇಲೆ ಗಡಿಪಾರು. ತಪ್ಪು ತಿದ್ದಿಕೊಳ್ಳಲು ಕೊಟ್ಟಿದ್ದ ಅವಧಿ 2022ರ ಫೆಬ್ರವರಿಗೆ ಮುಗಿದಿದೆ. ಮೊದಲು ಅಧಿಕಾರಿ ಅಂಗಡಿಗೇ ಬಂದರೆ ಮಾತ್ರ ಸಿಕ್ಕಿಬೀಳುತ್ತಿದ್ದರು. ಈಗ ಬಿಲ್ಲು ಇ-ಇನ್‌ವಾಯ್ಸ್‌ನಲ್ಲಿ, ಮಾರಾಟ ಕಾರ್ಡ್ ಮಷೀನಿನಲ್ಲಿ, ಸಂಬಳ ಬ್ಯಾಂಕಿನಲ್ಲಿ. ನಾಲ್ಕು ಸಾವಿರ ಸಂಬಳದವನ ಖಾತೆಯಿಂದ ತಿಂಗಳಿಗೆ ಇಪ್ಪತ್ತು ಸಾವಿರ ಊರಿಗೆ ಹೋದರೆ ಕಂಪ್ಯೂಟರೇ ಹಿಡಿದುಕೊಡುತ್ತದೆ. ಭಾವನಿಗೂ ಇದನ್ನು ಹೇಳಿ, ಬೇಸರವಾದರೂ ಪರವಾಗಿಲ್ಲ.

ಇನ್ನು ಜುಬೈಲ್ ಮತ್ತು ರಿಯಾದ್. ಜುಬೈಲ್‌ನ ಪ್ಲಾಂಟ್ ಓಡುವವರೆಗೆ ಮೇಂಟೆನೆನ್ಸ್ ಬೇಕು. ಕೆಲವು ವರ್ಷಕ್ಕೊಮ್ಮೆ ಪೂರಾ ಶಟ್‌ಡೌನ್ ಮಾಡಿ ಬಿಚ್ಚಿ ನೋಡಲೇಬೇಕು. ಆ ಖರ್ಚು ಪ್ಲಾಂಟಿನ ಓಡುವ ಖರ್ಚಿನೊಳಗೆ ಬರುತ್ತದೆ, ಸರ್ಕಾರದ ಹೊಸ ಕಾಮಗಾರಿಯ ಖಾತೆಯಿಂದಲ್ಲ. ಹಾಗೆಂದು ಅದು ಬಂಡೆಯೇನಲ್ಲ: ಚೀನಾ ಸುರಿಯುತ್ತಿರುವ ಮಾಲಿನಿಂದ ಪೆಟ್ರೋಕೆಮಿಕಲ್ ಲಾಭ ತೆಳ್ಳಗಾಗಿದೆ, ಗ್ಯಾಸಿನ ಬೆಲೆ ಏರಿದೆ, ಮೇಂಟೆನೆನ್ಸ್ ಗುತ್ತಿಗೆ ಮರುಹರಾಜಾದಾಗ ದರ ಇಳಿಯುತ್ತದೆ. ರಿಯಾದ್‌ನಲ್ಲಿ ಕೆಲಸ ಬೇಕಾದಷ್ಟಿದೆ, ಆದರೆ ಅದು ಕಟ್ಟುವ ಕೆಲಸ. ಕಟ್ಟಿ ಮುಗಿದರೆ ಅಥವಾ ಹಣ ನಿಂತರೆ ಮುಗಿಯಿತು. ಯಾವ ಪ್ರಾಜೆಕ್ಟ್ ಎಂದು ಕೇಳಿ. ತಾರೀಖು ಗೊತ್ತಾಗಿರುವ ಕೆಲಸ ಜಾರುವುದು ಕಷ್ಟ: ಎಕ್ಸ್‌ಪೊ 2030, 2034ರ ಫುಟ್‌ಬಾಲ್ ವಿಶ್ವಕಪ್. ತಾರೀಖಿಲ್ಲದ ಪ್ರಾಜೆಕ್ಟನ್ನು ಮೊದಲು ಕತ್ತರಿಸುತ್ತಾರೆ. ಗುತ್ತಿಗೆ ಸಹಿಯಾಗಿದೆಯೇ ಅಥವಾ ‘ಸಿಗುವುದರಲ್ಲಿದೆ’ಯೇ? ಕಂಪನಿ ಎಷ್ಟನೇ ಕೊಂಡಿ? ಅಲ್ಲಿ ಈಗ ದುಡಿಯುವ ಒಬ್ಬನನ್ನಾದರೂ ಹಿಡಿದು, ಕಳೆದ ಆರು ತಿಂಗಳು ಸಂಬಳ ಯಾವ ತಾರೀಖಿಗೆ ಬಂತು ಎಂದು ವಿಚಾರಿಸಿ. ಪ್ರೊಬೇಷನ್ 180 ದಿನಗಳವರೆಗೂ ಇರಬಹುದು. ಅದರೊಳಗೆ ತೆಗೆದರೆ ಸರ್ವಿಸ್ ಹಣ (ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ) ಇಲ್ಲ. ರಿಯಾದ್‌ನ ಬಾಡಿಗೆ ಎಷ್ಟು ಏರಿತ್ತೆಂದರೆ, ಐದು ವರ್ಷ ಏರಿಸಬಾರದೆಂದು 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತಡೆ ಹಾಕಬೇಕಾಯಿತು. 2,000 ಹೆಚ್ಚುವರಿ ಸಂಬಳದಲ್ಲಿ ಮನೆ ಬಾಡಿಗೆಯ ಅಂತರ ಎಷ್ಟು ನುಂಗುತ್ತದೆ ನೋಡಿಕೊಳ್ಳಿ.

‘ತಕ್ಷಣ ಬಾ’ ಎಂಬ ಮಾತಿಗೆ ಮಾತ್ರ ಈಗಲೇ ಉತ್ತರ ಕೊಡಬಹುದು: ತಕ್ಷಣ ಹೋಗಬೇಡಿ. ಕಾರಣ ನಿಮ್ಮ ಸರ್ವಿಸ್ ಹಣ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಪೂರ್ತಿ ಒಂದು ತಿಂಗಳದ್ದು. 8,000ದ ಮೇಲೆ 9 ವರ್ಷ 3 ತಿಂಗಳಿಗೆ 20,000 ಮತ್ತು 34,000, ಒಟ್ಟು 54,000 ರಿಯಾಲ್. ಆದರೆ ನೀವಾಗಿ ರಾಜೀನಾಮೆ ಕೊಟ್ಟರೆ, ಐದರಿಂದ ಹತ್ತು ವರ್ಷದೊಳಗಿನ ಸರ್ವಿಸ್‌ಗೆ ಸಿಗುವುದು ಮೂರರಲ್ಲಿ ಎರಡು ಪಾಲು: 36,000. ಹತ್ತು ವರ್ಷ ತುಂಬಿದ ಮೇಲೆ ರಾಜೀನಾಮೆ ಕೊಟ್ಟರೂ ಪೂರ್ತಿ, ಆಗ ಅದು 60,000. ಒಂಬತ್ತು ತಿಂಗಳು ತಡೆದರೆ 24,000 ರಿಯಾಲ್ ಹೆಚ್ಚು. ಅಷ್ಟೇ ತಿಂಗಳಲ್ಲಿ ರಿಯಾದ್‌ನ ಕಂಪನಿ ಹೆಚ್ಚಿಗೆ ಕೊಡುವುದು 18,000. ನಿಮ್ಮ ಒಪ್ಪಂದ ವರ್ಷ ವರ್ಷ ನವೀಕರಣವಾಗುವಂಥದ್ದಾಗಿದ್ದರೆ ಅದೂ ಅದೇ ಹೊತ್ತಿಗೆ ಮುಗಿಯುತ್ತದೆ. ನಡುವೆ ಮುರಿದರೆ ಕಂಪನಿ ನಿಮ್ಮಿಂದಲೇ ಪರಿಹಾರ ಕೇಳಬಹುದು, ಮುಗಿದಾಗ ಬಿಟ್ಟರೆ ಆ ತಕರಾರಿಲ್ಲ. ನವೀಕರಣ ಬೇಡ ಎಂಬ ನೋಟಿಸನ್ನು ಒಪ್ಪಂದದಲ್ಲಿ ಬರೆದಷ್ಟು ದಿನ ಮೊದಲೇ ಕಿವಾ ಮೂಲಕವೇ ಕೊಡಿ. ಬಾಯಿಮಾತು, ವಾಟ್ಸಾಪ್ ನೆಚ್ಚಬೇಡಿ. ಬೇರೆ ಕಂಪನಿಗೆ ವರ್ಗವಾಗಲು 2021ರ ಮಾರ್ಚ್ ಸುಧಾರಣೆಯ ನಂತರ ಹಳೆಯ ಕಫೀಲ್‌ನ (ವೀಸಾ ಕೊಟ್ಟ ಮಾಲೀಕನ) ಒಪ್ಪಿಗೆ ಬೇಕಿಲ್ಲ.

ಇಲ್ಲೊಂದು ಹಳ್ಳವಿದೆ. ಅನೇಕ ಕಂಪನಿಗಳು ಸರ್ವಿಸ್ ಹಣವನ್ನು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕಿ ಚೆಕ್ ಮುಂದಿಡುತ್ತವೆ. ನಿಮ್ಮ ವಿಷಯದಲ್ಲಿ ಹತ್ತು ವರ್ಷ ತುಂಬಿದರೂ 60,000ದ ಬದಲು 5,000ದ ಮೇಲೆ 37,500 ಆಗುತ್ತದೆ. ಕಾನೂನಿನಲ್ಲಿ ‘ಸಂಬಳ’ ಎಂದರೆ ಬೇಸಿಕ್ ಜೊತೆಗೆ ಪ್ರತಿ ತಿಂಗಳು ಕೊಡುವ ಭತ್ಯೆಗಳೂ ಸೇರಿ. ‘ಎಲ್ಲ ಬಾಕಿ ಮುಟ್ಟಿದೆ’ ಎಂಬ ಅರೇಬಿಕ್ ಕಾಗದಕ್ಕೆ ಲೆಕ್ಕ ನೋಡದೆ ಸಹಿ ಹಾಕಿದರೆ ಆಮೇಲೆ ಕೋರ್ಟಿನಲ್ಲೂ ಕಷ್ಟ. ನೀವಾಗಿ ಬಿಟ್ಟರೆ ಎರಡು ವಾರದೊಳಗೆ ಲೆಕ್ಕ ಚುಕ್ತಾ ಆಗಬೇಕು. ಆಗದಿದ್ದರೆ ಕಾರ್ಮಿಕ ಸಚಿವಾಲಯದ ರಾಜಿ ವಿಭಾಗ, ಅಲ್ಲಿ ಬಗೆಹರಿಯದಿದ್ದರೆ ಲೇಬರ್ ಕೋರ್ಟ್. ಕೆಲಸ ಮುಗಿದು ಹನ್ನೆರಡು ತಿಂಗಳ ಆಚೆ ಹೋದ ದೂರನ್ನು ತೆಗೆದುಕೊಳ್ಳುವುದಿಲ್ಲ.

ಲೆವಿ ಹೆಸರಿನಲ್ಲಿ ಹಿಡಿದ 200 ಕೂಡ ಇದೇ ಲೆಕ್ಕಕ್ಕೆ ಸೇರಲಿ. ಇಕಾಮಾ, ವರ್ಕ್ ಪರ್ಮಿಟ್, ಅವುಗಳ ನವೀಕರಣದ ಖರ್ಚು ಕಂಪನಿಯದೇ ಎಂದು ಕಾರ್ಮಿಕ ಕಾನೂನಿನ 40ನೇ ವಿಧಿ ಹೇಳುತ್ತದೆ. ಎರಡು ವರ್ಷಕ್ಕೆ 4,800 ರಿಯಾಲ್ ಆಯಿತು. ಕೆಲಸದಲ್ಲಿದ್ದುಕೊಂಡೇ ಜಗಳ ತೆಗೆಯುವುದು ಎಲ್ಲರಿಗೂ ಸಾಧ್ಯವಿಲ್ಲ, ನನಗೆ ಗೊತ್ತು. ಕೊನೇಪಕ್ಷ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಿವಾದಲ್ಲಿರುವ ಒಪ್ಪಂದ, ಈ ಮೂರನ್ನು ತಿಂಗಳು ತಿಂಗಳು ಇಳಿಸಿ ಸೌದಿ ನಂಬರಿಗೆ ಜೋಡಿಸದ ಇಮೇಲ್‌ನಲ್ಲಿಡಿ. ಎಕ್ಸಿಟ್ ಆದ ಮೇಲೆ ಸಿಮ್ ಸತ್ತರೆ ಸರ್ಕಾರಿ ಸೇವೆಗಳ ಆ್ಯಪ್ ಅಬ್ಶರ್, ಕಿವಾ ಯಾವುದೂ ತೆರೆಯುವುದಿಲ್ಲ.

ಕುಟುಂಬದ ಲೆವಿ ಮಾತ್ರ ನಿಮ್ಮದೇ. 2017ರಲ್ಲಿ ತಲೆಗೆ 100 ಇದ್ದದ್ದು 2020ರಿಂದ ತಿಂಗಳಿಗೆ 400. ಮೂವರಿಗೆ ವರ್ಷಕ್ಕೆ 14,400 ರಿಯಾಲ್. ರಿಯಾಲ್‌ಗೆ 22 ರೂಪಾಯಿ ಹಿಡಿದರೂ ಮೂರು ಲಕ್ಷ ರೂಪಾಯಿ ಮೀರಿತು. ಹೆಂಡತಿ ಮಕ್ಕಳನ್ನು ಈಗಲೇ ಕಳಿಸಿ ಅದನ್ನು ಉಳಿಸಬಹುದೆಂದು ಮಾವನವರು ಹೇಳಿದರೆ ಲೆಕ್ಕ ಸರಿಯೇ, ಆದರೆ 8ನೇ ಕ್ಲಾಸಿನ ನಡುವೆ ಹುಡುಗನ ಶಾಲೆ ಬದಲಿಸುವ ಕಷ್ಟವನ್ನು ಆ ಲೆಕ್ಕ ಹಿಡಿಯುವುದಿಲ್ಲ. ನಿಮ್ಮ ಮನೆಯ ಮಟ್ಟಿಗೆ ಗಡುವು 2030 ಅಲ್ಲ, ಅವನು 10ನೇ ಕ್ಲಾಸ್ ಮುಗಿಸುವ ಬೇಸಿಗೆ. ಕರ್ನಾಟಕದ ಸಿಇಟಿ ಸೀಟಿಗೆ ಅರ್ಹತೆಯ ದಾರಿಗಳಲ್ಲಿ ಒಂದು ಹೀಗಿದೆ: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಮಗ ಪಿಯುಸಿಯ ಎರಡೂ ವರ್ಷ ಇಲ್ಲೇ ಓದಿ ಪಾಸಾಗಿರಬೇಕು. ಮೊದಲ ಪಿಯು ಅಲ್ಲಿ ಮಾಡಿಸಿ ಎರಡನೆಯದಕ್ಕೆ ಕರೆತಂದರೆ ಈ ದಾರಿ ಮುಚ್ಚುತ್ತದೆ. ನಿಮ್ಮ ಮತ್ತು ನಿಮ್ಮ ಹೆಂಡತಿಯ ಹಳೆಯ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಬಿಇಒ ಸಹಿಯೂ ಬೇಕು. ಮುಂದಿನ ರಜೆಗೆ ಬಂದಾಗ ಮಾಡಿಸಿಟ್ಟುಕೊಳ್ಳಿ, ಶಾಲೆಗೆ ಬೇಸಿಗೆ ರಜೆ ಶುರುವಾಗುವ ಮುಂಚೆ.